ಚೀಲದ ಮೇಲಿನ ಮುಖ

ಫೆಬ್ರವರಿ 11

ತಮ್ಮಾ,

ನಿನ್ನ ಹಿಂಡಿಯ ಲಾರಿ ಬಂತು. ಚೀಲ ಇಳಿಸ್ತಾ ಇದ್ದ ಡ್ರೈವರು ಒಂದು ಸಲ ಚೀಲ ನೋಡ್ತಾನೆ, ಒಂದು ಸಲ ಚಿಕ್ಕಮ್ಮನ್ನ ನೋಡ್ತಾನೆ. ಕೊನೆಗೆ ತಡ್ಕೊಳ್ಳೋಕಾಗದೆ "ಅಮ್ಮಾ, ಇದು ನೀವೇನಾ?" ಅಂತ ಕೇಳೇಬಿಟ್ಟ. ಅಯ್ಯೋ, ಆಗ ಅವಳ ಮುಖ ನೋಡಬೇಕಿತ್ತು ನೀನು. ಹೋದ ಸಲ ಬಂದಾಗ ಅವಳ ಆಡು ಬಾಯಿಬಡುಕಿಯ ಕೊರಳು ತಬ್ಬಿಕೊಂಡು ನಿಲ್ಲಿಸಿ ಫೋಟೋ ತೆಗೆದೆಯಲ್ಲ, ಅದು ಹೀಗೆ ಚೀಲದ ಮೇಲೆ ಬರುತ್ತೆ ಅಂತ ನಮಗೊಂದು ಮಾತು ಹೇಳೋದಲ್ವಾ? ಮೊದಲೇ ಗೊತ್ತಿದ್ರೆ ತಲೆ ಬಾಚಿಕೊಳ್ತಿದ್ದೆ ಅಂತ ಅವಳ ಗೋಳು. ಆಡು ನನಗಿಂತ ನೀಟಾಗಿ ಕಾಣ್ತಿದೆ ಅಂತ ಬಂದವರಿಗೆಲ್ಲ ಹೇಳ್ಕೊಂಡು ನಗ್ತಾಳೆ.

ಹಾಲು ಏರಿದೆ ಕಣೋ. ಸುಳ್ಳು ಹೇಳಲ್ಲ, ನಿನ್ನ ಹಿಂಡಿಯ ಬಗ್ಗೆ ನನಗೆ ನಂಬಿಕೆ ಇರಲಿಲ್ಲ. ಒಂದೊಂದು ಆಡೂ ಪಾತ್ರೆ ತುಂಬಿ ಮೇಲೆ ನೊರೆ ಬರಿಸ್ತಿದೆ. ರಾಣಿಯಂತೂ ಕೇಳಲೇಬೇಡ. ಚೀಸ್ ಮಾಡೋ ಯಜಮಾನ ಇನ್ನೊಂದು ಕ್ಯಾನ್ ತಂದಿಟ್ಟು ಹೋದ. ವರ್ಷಪೂರ್ತಿ ಹೀಗೇ ಬಂದ್ರೆ ಬೇರೆ ಯಾರ ಹತ್ರಾನೂ ಹಾಲು ತಗೊಳ್ಳಲ್ಲ ಅಂದ.

ಹಿಂಡಿ ಹಾಕೋ ಕೆಲಸ ಚಿಕ್ಕಮ್ಮ ಯಾರಿಗೂ ಬಿಡ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಇನ್ನೂ ಹುಲ್ಲಿನ ಕಟ್ಟು ಬಿಚ್ಚೋ ಮುಂಚೆ, ಗೋದಲಿಗೆ ಹಿಂಡಿ ಸುರೀತಾಳೆ. "ನಮ್ಮ ಹುಡುಗ ಮಾಡಿದ್ದು, ಹಸಿದ ಹೊಟ್ಟೆಗೇ ಬೀಳಲಿ, ಮೈಗೆ ಹತ್ತುತ್ತೆ" ಅಂತಾಳೆ. ನೀನೇ ಕೂತು ಕೈಯಾರೆ ಉಂಡೆ ಕಟ್ಟಿ ಕಳಿಸಿದ್ದೀಯ ಅಂತ ಅವಳ ಲೆಕ್ಕ. ಮಿಷಿನ್ನು ಅಂತ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ.

ನಿಮ್ಮ ಭಾವ ಆರಾಮ. ಬರೆಯೋದು ಏನೂ ಇಲ್ಲ. ಫೋನ್ ಯಾಕೆ ಮಾಡಲ್ಲ ಅಂತ ನೀನು ಕೇಳಿದ್ದೆ. ಫೋನ್ ಎತ್ತಿದ್ರೆ ನಮ್ಮಿಬ್ಬರಿಗೂ ಎರಡನೇ ಮಾತಿಗೇ ಜಗಳ. ಕಾಗದ ಬರ್ಕೊಳ್ಳಿ, ಬರೀತಾ ಬರೀತಾ ಸಿಟ್ಟು ಇಳಿಯುತ್ತೆ ಅಂತ ಚಿಕ್ಕಮ್ಮನೇ ತೀರ್ಪು ಕೊಟ್ಟಿಲ್ವಾ? ಆ ತೀರ್ಪೇ ಇರಲಿ.

ಅಕ್ಕ

&nbsp;

ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದ ಓದಿ ಕುರ್ಚಿಯಿಂದ ಎದ್ದು ಕುಣಿಯೋದೊಂದು ಬಾಕಿ. ನೀನು ಹೊಗಳಿದ್ದೀಯ ಅಂದ್ರೆ ಸುಮ್ಮನೆ ಮಾತಲ್ಲ. ನಾನು ಶಾಲೇಲಿ ಫಸ್ಟ್ ಬಂದಾಗಲೂ "ಉಳಿದವರು ಪರೀಕ್ಷೆಗೆ ಬಂದಿರಲಿಲ್ವಾ?" ಅಂತ ಕೇಳಿದವಳು ನೀನು.

ಆ ಕಾಗದಾನ ಮ್ಯಾನೇಜರ್ ಮುಂದೆ ಹಿಡಿದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ್ರು. ಈ ಆಡಿನ ಹಿಂಡಿ ನನ್ನ ಕೂಸು ಅಕ್ಕ. ಮೆಕ್ಕೆಜೋಳ ಎಷ್ಟು, ಕಡಲೆಕಾಯಿ ಹಿಂಡಿ ಎಷ್ಟು, ಬೆಲ್ಲದ ಮಡ್ಡಿ ಎಷ್ಟು, ಎಲ್ಲ ನಾನೇ ಕೂಡಿಸಿದ್ದು. ನಿನ್ನ ಕೊಟ್ಟಿಗೇಲಿ ಗೆದ್ರೆ ಈ ವಿಭಾಗ ಪೂರ್ತಿ ನನ್ನ ಕೈಗೆ ಬರುತ್ತೆ. ಈಗ ನನ್ನ ಮೇಜು ಇರೋದು ಜೋಳ ಪುಡಿ ಮಾಡೋ ಮಿಷಿನ್ನಿನ ನೆತ್ತಿ ಮೇಲೆ. ದಿನವಿಡೀ ನೆಲ ನಡುಗುತ್ತೆ, ಟೀ ಲೋಟ ತಾನಾಗೇ ಮೇಜಿನ ಅಂಚಿಗೆ ನಡ್ಕೊಂಡು ಹೋಗುತ್ತೆ. ಹೊಸ ಕೆಲಸ ಸಿಕ್ಕಿದ್ರೆ ಕಿಟಕಿ ಇರೋ ರೂಮು ಕೊಡ್ತಾರಂತೆ.

ಎಷ್ಟು ಹಾಕಬೇಕು ಅಂತ ಚೀಲದ ಹಿಂದೆ ಬರೆದಿದೆ. ಚಿಕ್ಕಮ್ಮ ಪ್ರೀತಿಗೆ ಒಂದು ಹಿಡಿ ಜಾಸ್ತಿ ಹಾಕಿದ್ರೆ ಹಾಕಲಿ ಬಿಡು, ನಷ್ಟ ಏನಿಲ್ಲ. ಹಾಲು ಇನ್ನೂ ಏರಿದ್ರೆ ತಕ್ಷಣ ಬರಿ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು ಅವಳು, ಈಗ ಚೀಲದ ಮೇಲಾದ್ರೂ ಮೆರೆಯಲಿ. ಇಲ್ಲಿ ಗೋಡೌನಿನ ತುಂಬ ಅವಳೇ. ಬಾಗಿಲು ತೆಗೆದ್ರೆ ಸಾಲುಸಾಲು ಚಿಕ್ಕಮ್ಮಂದಿರು ನನ್ನ ನೋಡಿ ನಗ್ತಾರೆ. "ಊಟ ಆಯ್ತೇನೋ" ಅಂತ ಎಲ್ಲರೂ ಒಟ್ಟಿಗೆ ಕೇಳಿದ ಹಾಗಾಗುತ್ತೆ.

ಭಾವನವರ ಬಗ್ಗೆ ಬರೆಯೋದು ಏನೂ ಇಲ್ಲ ಅಂದೆ. ಅವರ ಬಗ್ಗೆ ಬರೆಯೋಕೆ ಏನಾದ್ರೂ ಇದ್ದದ್ದು ಯಾವಾಗ?

ತಮ್ಮ

&nbsp;

ಏಪ್ರಿಲ್ 2

ತಮ್ಮಾ,

ಸುತ್ತಿ ಬಳಸಿ ಬರೆಯೋ ತಾಳ್ಮೆ ಇಲ್ಲ. ಹಾಲು ಕೆಟ್ಟಿದೆ.

ಒಡೆದಿಲ್ಲ, ವಾಸನೆ ಇಲ್ಲ. ಪಾತ್ರೆ ತುಂಬ ಬರುತ್ತೆ, ಆದ್ರೆ ಹಾಲಲ್ಲಿ ಜೀವ ಇಲ್ಲ. ನಿನ್ನೆ ಚೀಸಿನವನು ಕ್ಯಾನು ವಾಪಸ್ ಇಟ್ಟು ಹೋದ. ಫ್ಯಾಟ್ ಬಿದ್ದುಹೋಗಿದೆ, ನಿಮ್ಮ ಹಾಲಲ್ಲಿ ಮಾಡಿದ ಚೀಸು ರಬ್ಬರ್ ಚಪ್ಪಲಿ ಥರ ಆಗ್ತಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ. ನೀರು ಬೆರೆಸಿದ್ದೀವಿ ಅಂತೀಯಾ ಅಂತ ನಾನೂ ಜೋರು ಮಾಡಿದೆ. ಇಲ್ಲಮ್ಮ, ಲ್ಯಾಕ್ಟೋಮೀಟರಿನ ಡಿಗ್ರಿ ಸರಿಯಾಗೇ ಇದೆ, ನೀರಿಲ್ಲ, ಆದ್ರೆ ಕೊಬ್ಬು ಎಲ್ಲಿ ಹೋಯ್ತು ಅಂತ ನನಗೆ ಗೊತ್ತಿಲ್ಲ, ನಿಮಗೇ ಗೊತ್ತಿರಬೇಕು ಅಂದ. ಆ "ನಿಮಗೇ ಗೊತ್ತಿರಬೇಕು" ಅನ್ನೋದನ್ನ ಎಷ್ಟು ಎಳೆದು ಹೇಳಿದ ಅಂದ್ರೆ, ಕ್ಯಾನು ಎತ್ತಿ ಅವನ ತಲೆ ಮೇಲೆ ಸುರೀಬೇಕು ಅನ್ನಿಸ್ತು.

ಅಮ್ಮನ ಕಾಲದಿಂದ ಈ ಮನೆ ಹಾಲಿನ ಮೇಲೆ ಯಾರೂ ಒಂದು ಮಾತು ಆಡಿದವರಲ್ಲ. ಈಗ ದಾರೀಲಿ ಹೋಗೋರಿಗೆಲ್ಲ ಬಾಯಿ ಬಂದಿದೆ.

ಆಡುಗಳೂ ಸರಿಯಿಲ್ಲ. ಒಣಹುಲ್ಲು ಮೂಸಿ ಮುಖ ತಿರುಗಿಸ್ತವೆ. ಹಿಕ್ಕೆ ಗುಂಡುಗುಂಡಾಗಿ ಬೀಳ್ತಿಲ್ಲ, ಅಂಟಂಟಾಗಿ ಬಾಲಕ್ಕೆ ಮೆತ್ತಿಕೊಳ್ಳುತ್ತೆ. ಮಧ್ಯಾಹ್ನ ಕೊಟ್ಟಿಗೆಗೆ ಹೋದ್ರೆ ಮೊದಲು ಎಲ್ಲ ಮಲಗಿಕೊಂಡು ಮೆಲುಕು ಹಾಕ್ತಾ ಇರ್ತಿದ್ವು. ಈಗ ಬಾಯಿ ಆಡಿಸೋ ಸದ್ದೇ ಇಲ್ಲ. ರಾಣಿ ಕಾಲೂರೋಕೆ ಕಷ್ಟಪಡ್ತಾಳೆ.

ನಿನ್ನ ನೇರವಾಗಿ ಕೇಳ್ತೀನಿ. ಇದು ನಿನ್ನ ಹಿಂಡಿಯಿಂದಲ್ಲ ತಾನೇ? ಹೌದು ಅಂದ್ರೆ ಹೌದು ಅನ್ನು, ಬಯ್ಯಲ್ಲ. ಇವತ್ತೇ ನಿಲ್ಲಿಸ್ತೀನಿ.

ಅಕ್ಕ

&nbsp;

ಏಪ್ರಿಲ್ 10

ಅಕ್ಕಾ,

ಮೊದಲು ಒಂದು ಲೋಟ ನೀರು ಕುಡಿ. ಆಕಾಶ ಏನೂ ಕಳಚಿ ಬಿದ್ದಿಲ್ಲ.

ಹಿಂಡಿಯಿಂದಲ್ಲ. ಹಿಂಡಿಯಿಂದ ಆಗೋದಾಗಿದ್ರೆ ಹಾಲೇ ಇಳೀಬೇಕಿತ್ತು, ಏರ್ತಿರಲಿಲ್ಲ. ಇದೇ ಮಾಲು ಬೇರೆ ಕಡೆಗೂ ಹೋಗ್ತಿದೆ, ಅಲ್ಲಿಂದ ಒಂದು ದೂರು ಬಂದಿಲ್ಲ. ದಯವಿಟ್ಟು ನಿಲ್ಲಿಸಬೇಡ, ಈಗ ನಿಲ್ಲಿಸಿದ್ರೆ ಹಾಲೂ ಹೋಗುತ್ತೆ, ನನ್ನ ಕೆಲಸದ ಕಥೆಯೂ ಅಲ್ಲಿಗೆ ಮುಗೀತು. ಈ ತಿಂಗಳಲ್ಲೇ ತೀರ್ಮಾನ ಆಗೋದಿದೆ. ಬೇಕಾದ್ರೆ ದಿನಾ ಹಿಂಡಿಗೆ ಸ್ವಲ್ಪ ಅಡುಗೆ ಸೋಡಾ ಬೆರೆಸು. ಒಳ್ಳೇ ಅಭ್ಯಾಸ, ಅಷ್ಟೇ.

ಇನ್ನು ಕೊಬ್ಬಿನ ವಿಷಯ. ನೀನು ಹಾಲಿನ ಮನೇಲಿ ಹುಟ್ಟಿದವಳು, ನಿನಗೆ ನಾನು ಹೇಳಬೇಕಾ? ಕೆಚ್ಚಲಿನ ಮೊದಲ ಹಾಲು ತೆಳು, ಕೊನೆಯ ಹಾಲು ದಪ್ಪ. ಕೊಬ್ಬೆಲ್ಲ ಇರೋದು ಕೊನೆಯ ಹಿಂಡುವಿಕೆಯಲ್ಲಿ. ಅದು ಕ್ಯಾನಿಗೆ ಬರದೆ ಬೇರೆ ಪಾತ್ರೆಗೆ ಹೋದ್ರೆ ಡಿಗ್ರಿ ಸರಿಯಾಗೇ ಇರುತ್ತೆ, ನೀರೂ ಇರಲ್ಲ, ಫ್ಯಾಟ್ ಮಾತ್ರ ಮಾಯ. ಚೀಸಿನವನು ಬಾಯಿಬಿಟ್ಟು ಹೇಳದೆ ಹೇಳಿದ್ದು ಇದನ್ನೇ.

ಹಾಗಾಗಿ ಆಡಿನ ಹೊಟ್ಟೆ ನೋಡೋದು ಬಿಟ್ಟು ಕರೆಯೋರ ಕೈ ನೋಡು. ಕರೆದು ಮುಗಿಸೋ ಹೊತ್ತಿಗೆ ಮರೆಯಲ್ಲಿ ನಿಂತು ನೋಡು. ನಾನು ಯಾರ ಹೆಸರೂ ಎತ್ತಲ್ಲ. ಮನೆಯವರು ಅಂತ ಕಣ್ಣು ಮುಚ್ಚಿಕೊಂಡು ಕೂತ್ರೆ ಹೀಗೇ ಆಗೋದು. ಇಷ್ಟು ವರ್ಷ ನೀನು ಮುಚ್ಚಿಕೊಂಡು ಬಂದದ್ದು ಸಾಲದಾ? ಮುಲಾಜು ನೋಡಬೇಡ, ಮುಖದ ಮೇಲೇ ಕೇಳು.

ತಮ್ಮ

&nbsp;

ಏಪ್ರಿಲ್ 30

ತಮ್ಮಾ,

ನೀನು ಹೇಳಿದ ಹಾಗೇ ಇತ್ತು. ಮರೆಯಲ್ಲಿ ನಿಂತೆ, ಕಣ್ಣಾರೆ ನೋಡಿದೆ, ಮುಖದ ಮೇಲೇ ಕೇಳಿದೆ. ಮುಗೀತು.

ಹೆಚ್ಚು ಕೇಳಬೇಡ. ನಮ್ಮ ಮನೇಲಿ ಹೀಗೆ ಅಂತ ಬರೆಯೋಕೂ ಕೈ ಬರ್ತಿಲ್ಲ.

ಸೋಡಾ ಬೆರೆಸ್ತಿದ್ದೀನಿ.

ಅಕ್ಕ

&nbsp;

ಮೇ 9

ಅಕ್ಕಾ,

ಗೊತ್ತಿತ್ತು. ನನಗೆ ಗೊತ್ತಿತ್ತು! ನಿನ್ನ ಮದುವೆಯಲ್ಲಿ ಆ ಮನುಷ್ಯ ಹಲ್ಲು ಕಿರಿದುಕೊಂಡು ನನ್ನ ಬೆನ್ನು ತಟ್ಟಿದಾಗಲೇ ಗೊತ್ತಿತ್ತು. ಬಾಯಿ ಬಿಟ್ರೆ ನೀನು ನೊಂದ್ಕೋತೀಯ ಅಂತ ನುಂಗಿಕೊಂಡಿದ್ದೆ. ಕೊನೆಯ ಹಾಲನ್ನ ಯಾವ ಹೋಟೆಲಿಗೆ ಸಾಗಿಸ್ತಿದ್ದರೋ ನಮ್ಮ ಭಾವನವರು! ಈಗ ತಲೆ ಬಗ್ಗಿಸಿಕೊಂಡು ಮೂಲೇಲಿ ಕೂತಿರ್ತಾರೆ. ಕೂರಲಿ, ಒಳ್ಳೇದೇ ಆಯ್ತು. ನಿನಗೆ ಈಗ ಹೊಟ್ಟೆ ಉರೀತಿರುತ್ತೆ, ಆದ್ರೆ ನೀನು ಧೈರ್ಯ ಮಾಡಿದೆಯಲ್ಲ, ಅದಕ್ಕೆ ನಾನು ನಿನ್ನ ಕಾಲಿಗೆ ಬೀಳಬೇಕು.

ನನ್ನ ಸುದ್ದಿ ಕೇಳು. ಕಿಟಕಿ ಸಿಕ್ಕಿತು! ಕಿಟಕಿ ಆಚೆ ಒಂದು ಗೋಡೆ ಇದೆ, ಆ ಮಾತು ಬೇರೆ. ಆಡಿನ ವಿಭಾಗ ನನ್ನದು. ಇನ್ನು ಮೇಲೆ ರಸ್ತೆ ಬದಿಗೆ ದೊಡ್ಡ ಬೋರ್ಡ್ ಹಾಕ್ತಾರಂತೆ, ಅದರಲ್ಲೂ ಚಿಕ್ಕಮ್ಮನೇ ಇರಬೇಕು ಅಂತ ನಾನು ಪಟ್ಟು ಹಿಡಿದಿದ್ದೀನಿ. ಈ ಸಲ ತಲೆ ಬಾಚಿಕೊಳ್ಳೋಕೆ ಟೈಮ್ ಕೊಡ್ತೀನಿ ಅಂತ ಹೇಳು. ಜೂನ್‌ನಲ್ಲಿ ಫೋಟೋದವರನ್ನ ಕರ್ಕೊಂಡು ಬರ್ತೀನಿ.

ಅವಳು ಯಾಕೆ ನನಗೆ ಒಂದು ಮಾತೂ ಹೇಳಿ ಕಳಿಸಿಲ್ಲ? ಚೀಲದ ಮೇಲೆ ಬಂದ ಮೇಲೆ ದೊಡ್ಡ ಮನುಷ್ಯಳಾಗಿಬಿಟ್ಟಳಾ?

ತಮ್ಮ

&nbsp;

ಜೂನ್ 3

ತಮ್ಮಾ,

ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು. ಉತ್ತರ ಬರೆಯೋಕೆ ಕೂರೋದು, ಏಳೋದು. ಇವತ್ತು ಬರೆದೇ ಏಳ್ತೀನಿ.

ನಿಮ್ಮ ಭಾವ ಜನವರಿಯಿಂದ ಆಡಿನ ಕೆಚ್ಚಲು ಮುಟ್ಟಿಲ್ಲ. ಬೈಕಿಂದ ಬಿದ್ದು ಬಲಗೈ ಮುರ್ಕೊಂಡ್ರು. ಕುಡಿದಿದ್ರು. ನಿನಗೆ ಹೇಳಿದ್ರೆ ನೀನು ನಗ್ತೀಯ ಅಂತ ಹೇಳಲಿಲ್ಲ. ಅವತ್ತಿಂದ ಕರೀತಿದ್ದದ್ದು ಚಿಕ್ಕಮ್ಮ.

ಓದಿದೆಯಾ? ಇನ್ನೊಂದು ಸಲ ಓದು. ಕರೀತಿದ್ದದ್ದು ಚಿಕ್ಕಮ್ಮ.

ನಿನ್ನ ಕಾಗದ ಬಂದ ಮೇಲೆ ಸಂಜೆ ಹುಲ್ಲಿನ ಮೆದೆ ಹಿಂದೆ ನಿಂತೆ, ಪೊಲೀಸರ ಥರ. ಬಾಯಿಬಡುಕಿಯನ್ನ ಕರೆದು ಮುಗಿಸೋ ಹೊತ್ತಿಗೆ ಅವಳು ಒಂದು ಸಣ್ಣ ಚೊಂಬು ತೆಗೆದಳು. ಕೊನೆಯ ಹಾಲು ಅದಕ್ಕೆ ಹಿಂಡಿದಳು. ಅಂಗೈಯಿಂದ ಮುಚ್ಚಿಕೊಂಡು ಕೊಟ್ಟಿಗೆ ಹಿಂದಕ್ಕೆ ಹೊರಟಳು. ನಾನು ಅಡ್ಡ ಬಂದೆ. ಅಲ್ಲೊಂದು ಹಳೇ ಮರದ ಪೆಟ್ಟಿಗೇಲಿ ಬಾಯಿಬಡುಕಿಯ ಕುಂಟ ಹೋತಮರಿ ಇತ್ತು. ಹುಟ್ಟಿದಾಗ ಇದು ದಂಡ, ಇದಕ್ಕೆ ಹಾಲು ಹಾಕಬೇಡ, ಯಾರಿಗಾದ್ರೂ ಕೊಟ್ಟುಬಿಡು ಅಂದಿದ್ದೆ. ಕೊಟ್ಟಿದ್ದೀನಿ ಅಂದಿದ್ದಳು.

"ಇದಕ್ಕೊಂದು ಗುಟುಕು ಕಣೇ" ಅಂದಳು. ಸಿಕ್ಕಿಬಿದ್ದ ಮಗು ಥರ ನಕ್ಕಳು.

"ಒಂದು ಗುಟುಕಿಗೆ ಇಡೀ ಕ್ಯಾನ್ ತೆಳ್ಳಗಾಗುತ್ತಾ?"

"ಅದು ಹೇಗಾಗುತ್ತೆ? ಇಲ್ಲ."

"ಹಾಗಾದ್ರೆ ಉಳಿದದ್ದು ಎಲ್ಲಿ ಹೋಗ್ತಿದೆ? ಯಾರಿಗೆ ಕೊಡ್ತಿದ್ದೀಯ?"

ಅವಳಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅರ್ಥವಾದ ಮೇಲೆ ನಗು ಹೋಯ್ತು. ನಾನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ನಾನೊಬ್ಬಳೇ ಹೇಳ್ತಿಲ್ಲ, ನಿನ್ನ ಹುಡುಗನೇ ಬರೆದಿದ್ದಾನೆ" ಅಂತ ನಿನ್ನ ಕಾಗದ ತಂದು, ದೀಪದ ಕೆಳಗೆ ನಿಂತು ಓದಿ ಹೇಳಿದೆ. ಕರೆಯೋರ ಕೈ ನೋಡು. ಮುಲಾಜು ನೋಡಬೇಡ. ಒಂದಕ್ಷರ ಬಿಡದೆ ಓದಿದೆ.

"ಅವನು ಬರೆದಿದ್ದಾನಾ?" ಅಂತ ಕೇಳಿದಳು. ಹೌದು ಅಂದೆ. "ಅವನೇನಾ?" ಅಂತ ಮತ್ತೆ ಕೇಳಿದಳು. ಆಮೇಲೆ ಚೊಂಬಿನ ಹಾಲನ್ನ ಕ್ಯಾನಿಗೆ ಸುರಿದು, ಕೈ ತೊಳ್ಕೊಂಡು ಒಳಗೆ ಹೋದಳು. ಬೆಳಿಗ್ಗೆ ಹಾಲಿನ ವ್ಯಾನಿನಲ್ಲಿ ಬಾಯಿಬಡುಕಿಯನ್ನೂ ಆ ಕುಂಟ ಮರಿಯನ್ನೂ ಹತ್ತಿಸ್ಕೊಂಡು ಹೊರಟುಹೋದಳು. ಬಾಯಿಬಡುಕಿ ಅವಳದ್ದೇ ಆಡು, ನಮ್ಮದೇನೂ ತಗೊಂಡು ಹೋಗಲಿಲ್ಲ. ವ್ಯಾನಿನವನು ಎಲ್ಲಿಗಮ್ಮ ಅಂದಿದ್ದಕ್ಕೆ, ಪೇಟೇಲಿ ಹೊಲಿಗೆ ಅಂಗಡಿ ಇಟ್ಟಿರೋ ತನ್ನ ಸ್ನೇಹಿತೆ ಮನೆಗೆ ಅಂದಳಂತೆ. ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅಡುಗೆಮನೇಲಿ ಪಾತ್ರೆ ಸದ್ದು ಮಾಡ್ತಾ ನಿಂತಿದ್ದೆ.

ನೀನು ಭಾವನ್ನ ಅಂದ್ಕೊಂಡೆ ಅಂತ ನನಗೆ ತಿಳಿದದ್ದು ಮೇ ತಿಂಗಳ ನಿನ್ನ ಕುಣಿದಾಟದ ಕಾಗದದಿಂದ. ಆದ್ರೂ ಒಂದು ಸಮಾಧಾನ ಇತ್ತು, ಕಳ್ಳತನವಂತೂ ನಿಜ ಅಂತ. ಈಗ ಅದೂ ಇಲ್ಲ. ಅವಳು ಹೋದ ದಿನದಿಂದ ಕರೀತಿರೋದು ನಾನು. ಕೊನೆಯ ಹನಿವರೆಗೂ ಹಿಂಡಿ ಕ್ಯಾನಿಗೆ ಹಾಕ್ತೀನಿ. ಹಾಲು ಈಗಲೂ ತೆಳ್ಳಗೇ ಇದೆ. ರಾಣಿ ಹೊಟ್ಟೆ ಉಬ್ಬರಿಸ್ಕೊಂಡು, ಹಲ್ಲು ಕಡೀತಾ ಮಲಗಿದವಳು ಮತ್ತೆ ಏಳಲಿಲ್ಲ. ಹೋದ ವಾರ ಹೂತಿದ್ದಾಯ್ತು.

ನನ್ನ ಕೈಯಲ್ಲೂ ಕಳ್ಳತನ ಇದೆಯೇನೋ? ಹೇಳು, ನೀನು ಕಲಿತವನು.

ಅಕ್ಕ

&nbsp;

ಜೂನ್ 8

ಅಕ್ಕಾ,

ನೀನು ಮನುಷ್ಯಳಾ? ಚಿಕ್ಕಮ್ಮನ್ನ! ನಮ್ಮ ಚಿಕ್ಕಮ್ಮನ್ನ! ನನ್ನ ಕಾಗದ ಓದಿ ಹೇಳೋಕೆ ನಿನಗೆ ನಾಲಿಗೆ ಹೇಗೆ ಬಂತು? ಭಾವನ ಕೈ ಮುರಿದಿದೆ ಅಂತ ಒಂದು ಸಾಲು ಬರೆದಿದ್ರೆ ನಾನು ಆ ಮಾತು ಬರೀತಿದ್ನಾ? ಕುಡುಕ ಗಂಡನ ಮಾನ ಕಾಯೋಕೆ ಹೋಗಿ ಅವಳ ಮಾನ ಕಳೆದೆಯಲ್ಲ. ಕರೆಯೋರು ಅಂದ್ರೆ ನನ್ನ ಕಣ್ಣ ಮುಂದೆ ಇದ್ದದ್ದು ಅವರು. ಅವಳು ಅಂತ ಕನಸಿನಲ್ಲೂ ಅಂದ್ಕೊಂಡಿರಲಿಲ್ಲ. ಇದು ನಿನಗೆ ಗೊತ್ತಿಲ್ವಾ?

ನಿನ್ನ ಕಾಗದ ಬಂದ ದಿನ ಗೋಡೌನಿಗೆ ಹೋಗೋಕೆ ಆಗಲಿಲ್ಲ. ಬಾಗಿಲಿಂದಲೇ ವಾಪಸ್ ಬಂದೆ.

ಈಗ ಆದದ್ದು ಆಯ್ತು. ಹಿಂಡಿ ಅರ್ಧಕ್ಕೆ ಇಳಿಸು. ಬೆಳಿಗ್ಗೆ ಮೊದಲು ಒಣಹುಲ್ಲು, ಸೊಪ್ಪು, ಚೆನ್ನಾಗಿ ತಿಂದ ಮೇಲೇ ಹಿಂಡಿ. ಅದೂ ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ಹಂಚಿ ಹಾಕು. ಕೆಲವು ಆಡುಗಳಿಗೆ ಹಿಂಡಿಯೂ ಸ್ವಲ್ಪ ಮಟ್ಟಿಗೆ ಒಗ್ಗದೆ ಇರಬಹುದು. ಈಗೀಗ ಒಂದೆರಡು ಕಡೆಯಿಂದ ಹಾಗೆ ಕೇಳಿಬರ್ತಿದೆ. ನಾನು ಹೇಳಿದೆ ಅಂತ ಚೀಸಿನವನ ಮುಂದೆ ಹೇಳಬೇಡ.

ಅವಳನ್ನ ಕರ್ಕೊಂಡು ಬಾ. ಕಾಲಿಗೆ ಬೀಳು, ಅಳು, ಏನಾದ್ರೂ ಮಾಡು. ನಾನು ಬರೆದದ್ದು ಅವಳ ಬಗ್ಗೆ ಅಲ್ಲ ಅಂತ ಮೊದಲು ಹೇಳು. ನನಗೆ ರಜೆ ಸಿಕ್ಕ ಕೂಡಲೇ ನಾನೂ ಬರ್ತೀನಿ. ಹೊಸ ಕೆಲಸ, ತಕ್ಷಣ ಕೇಳೋಕಾಗಲ್ಲ.

ತಮ್ಮ

&nbsp;

ಜುಲೈ 14

ತಮ್ಮಾ,

ನೀನು ಹೇಳಿದ ಹಾಗೆ ಮಾಡಿದೆ. ಮೊದಲು ಹುಲ್ಲು, ಆಮೇಲೆ ಸ್ವಲ್ಪವೇ ಹಿಂಡಿ. ಈಗ ಮಧ್ಯಾಹ್ನ ಕೊಟ್ಟಿಗೆಗೆ ಹೋದ್ರೆ ಮತ್ತೆ ಮೆಲುಕು ಹಾಕೋ ಸದ್ದು ಕೇಳುತ್ತೆ. ಹಿಕ್ಕೆ ಗುಂಡಾಗಿ ಬೀಳ್ತಿದೆ. ಹಾಲು ಮೊದಲಿನಷ್ಟು ಬರಲ್ಲ, ಆದ್ರೆ ದಪ್ಪ ಇದೆ. ಚೀಸಿನವನು ನಿನ್ನೆ ಕ್ಯಾನು ತಗೊಂಡು ಹೋದ. ಕಳ್ಳರು ಸಿಕ್ಕಿದ್ರಾ ಅಂತ ಕೇಳಿದ. ಸಿಕ್ಕಿದ್ರು ಅಂದೆ.

ಪಶುವೈದ್ಯರು ಬಂದಿದ್ರು. ಇನ್ನೊಂದು ಆಡು ಕುಂಟೋಕೆ ಶುರು ಮಾಡಿತ್ತು, ಅದಕ್ಕೆ ಕರೆಸಿದ್ದೆ. ಗೋದಲಿ ನೋಡಿದ್ರು, ಚೀಲ ನೋಡಿದ್ರು, ಹೇಗೆ ಹಾಕ್ತಿದ್ರಿ ಅಂತ ಕೇಳಿದ್ರು. ಹೇಳಿದೆ. "ಖಾಲಿ ಹೊಟ್ಟೆಗೆ ಇಷ್ಟೊಂದು ಜೋಳ ಬಿದ್ರೆ ಹೊಟ್ಟೆ ಹುಳಿಯಾಗುತ್ತಮ್ಮ" ಅಂದ್ರು. "ಹುಲ್ಲು ಅಗಿದು ಮೆಲುಕು ಹಾಕಿದ್ರೆ ಎಂಜಲು ಇಳಿದು ಆ ಹುಳಿ ತಗ್ಗುತ್ತೆ. ಹಾಲಿಗೆ ಕೊಬ್ಬು ಬರೋದೂ ಆ ಹುಲ್ಲಿನ ನಾರಿನಿಂದಲೇ. ಹಿಂಡಿ ಹೆಚ್ಚಾಗಿ ಹುಲ್ಲು ಕಮ್ಮಿ ಆದ್ರೆ ಹಾಲು ಏರುತ್ತೆ, ಕೊಬ್ಬು ಹೋಗುತ್ತೆ. ಕಾಲಿಗೂ ಅದೇ ಇಳಿಯೋದು. ನಿಮ್ಮ ಸತ್ತ ಆಡಿಗೂ ಅದೇ ಆಗಿರಬೇಕು."

ನಾನು ಸುಮ್ಮನಿರಲಾರದೆ, ಸೋಡಾ ಬೇರೆ ಬೆರೆಸಿದ್ವಲ್ಲ ಅಂದೆ. ಅವರು ತಲೆ ಎತ್ತಿ ನೋಡಿದ್ರು. "ಸೋಡಾ ಹಾಕೋಕೆ ಯಾರು ಹೇಳಿದ್ರು?" ಹಿಂಡಿ ಕಂಪನಿಯವರು ಅಂದೆ. "ಯಾವಾಗ?" ಏಪ್ರಿಲ್‌ನಲ್ಲಿ ಅಂದೆ. "ಹಾಗಾದ್ರೆ ಹೊಟ್ಟೆ ಹುಳಿಯಾಗಿದೆ ಅಂತ ಅವರಿಗೆ ಏಪ್ರಿಲ್‌ನಲ್ಲೇ ಗೊತ್ತಿತ್ತಮ್ಮ. ಸೋಡಾ ಹಾಕೋದು ಅದಕ್ಕೇ, ಆ ಹುಳಿ ತಗ್ಗಿಸೋಕೆ" ಅಂದ್ರು.

ಅವರು ಹೋದ ಮೇಲೆ ನಿನ್ನ ಆ ಕಾಗದ ಮತ್ತೆ ತೆಗೆದೆ. ಮೇಲೆ ಸೋಡಾ, ಕೆಳಗೆ ಕರೆಯೋರ ಕೈ. ಒಂದೇ ಹಾಳೆ, ಒಂದೇ ಪೆನ್ನು. ಥೂ ನಿನ್ನ. ಗೊತ್ತಿದ್ದೂ ಬರೆದೆಯಲ್ಲೋ. ಹಿಂಡಿಯಿಂದಲಾ ಅಂತ ನಾನು ನೇರವಾಗಿ ಕೇಳಿದ್ದೆ. ಬಯ್ಯಲ್ಲ ಅಂತ ಬೇರೆ ಬರೆದಿದ್ದೆ. ಒಂದು ಕಿಟಕಿಗೋಸ್ಕರ ನನ್ನ ಗಂಡನ್ನ ಕಳ್ಳ ಮಾಡೋಕೆ ಹೊರಟೆ. ಅದು ಹೋಗಿ ಅವಳಿಗೆ ತಗುಲಿತು. ನನ್ನ ತಪ್ಪು ಇಲ್ಲ ಅಂತ ಅಂತಿಲ್ಲ. ಓದಿ ಹೇಳಿದ ಬಾಯಿ ನನ್ನದೇ, ಅದನ್ನ ನಾನು ಹೊತ್ಕೊಂಡು ತಿರುಗ್ತೀನಿ. ನಿನ್ನದನ್ನ ನೀನು ಹೊರು.

ಮೊನ್ನೆ ಪೇಟೆಗೆ ಹೋಗಿದ್ದೆ. ಹೊಲಿಗೆ ಅಂಗಡಿ ಹಿಂದೆ ಒಂದು ಕೋಣೆ. ಮಂಚ ಹಾಕಿದ್ರೆ ಬಾಗಿಲು ಪೂರ್ತಿ ತೆರೆಯಲ್ಲ. ಚಿಕ್ಕಮ್ಮ ಅಂಗಡಿಯವಳ ಬಟ್ಟೆಗಳಿಗೆ ಗುಂಡಿ ಹಾಕ್ತಾ ಕೂತಿದ್ದಳು. ನನ್ನ ನೋಡಿ ಎದ್ದು, ಕುರ್ಚಿ ಮೇಲಿದ್ದ ಬಟ್ಟೆ ತೆಗೆದು, "ಕೂತ್ಕೊ" ಅಂದಳು. ಬಂದವರಿಗೆ ಹೇಳೋ ಹಾಗೆ. ಹಿತ್ತಲಲ್ಲಿ ಬಾಯಿಬಡುಕಿ ಕಟ್ಟಿತ್ತು. ಬೇಲಿ ಸೊಪ್ಪು, ತರಕಾರಿ ಅಂಗಡಿಯವರು ಬಿಸಾಡೋ ಎಲೆ, ಅದೇ ಅದರ ಊಟ. ಕುಂಟ ಮರಿ ಅದರ ಹೊಟ್ಟೆ ಕೆಳಗೆ ನುಗ್ಗಿ ನಿಂತಿತ್ತು. ಚಿಕ್ಕಮ್ಮ ಅದರ ಹಾಲಲ್ಲಿ ನನಗೆ ಟೀ ಮಾಡಿಕೊಟ್ಟಳು. ಟೀ ಮೇಲೆ ಕೆನೆ ಕಟ್ಟಿತ್ತು. ಇಬ್ಬರೂ ಅದನ್ನ ನೋಡಿದ್ವಿ. ನಾನು ಬಾಯಿ ಬಿಡೋ ಮುಂಚೆ ಅವಳೇ ಹೇಳಿದಳು, "ಇಲ್ಲಿಗೆ ಬಂದು ಹಿಂಡಿ ಬಿಟ್ಟ ಸ್ವಲ್ಪ ದಿನಕ್ಕೇ ಹೀಗಾಯ್ತು. ಆವಾಗಲೇ ಗೊತ್ತಾಯ್ತು ನನಗೆ."

ಗೊತ್ತಾಗಿದ್ದೂ ಯಾಕೆ ಒಂದು ಮಾತು ಹೇಳಿ ಕಳಿಸಲಿಲ್ಲ ಅಂದೆ. ಕಳ್ಳಿ ಅನ್ನಿಸಿಕೊಂಡು ಯಾಕೆ ಕೂತೆ ಅಂತ ಅತ್ತೆ. ಅವಳು ದಾರ ಕಡಿದು, ಸೂಜಿ ಬಟ್ಟೆಗೆ ಚುಚ್ಚಿಟ್ಟು, "ಹೇಳಿದ್ರೆ ತಪ್ಪು ಅವನ ಹಿಂಡಿ ಮೇಲೆ ಬರ್ತಿತ್ತು" ಅಂದಳು. "ಅವನ ಕೆಲಸಕ್ಕೆ ಕುತ್ತು ಬರ್ತಿತ್ತು. ನನ್ನ ಹೆಸರಿಂದ ಈಗ ನನಗೇನಾಗಬೇಕಿದೆ?"

ಅವನು ಬರೆದದ್ದು ನಿನ್ನ ಬಗ್ಗೆ ಅಲ್ಲ, ಕರೆಯೋರು ನಮ್ಮನೆಯವರೇ ಅಂದ್ಕೊಂಡು ಬರೆದ ಅಂತ ಹೇಳಿದೆ. ನಿನ್ನ ಮಾತು ಮುಟ್ಟಿಸಿದ್ದೀನಿ. ಕಣ್ಣು ಒರೆಸಿಕೊಂಡಳು. ಆಮೇಲೆ, "ಅದೂ ತಪ್ಪೇ ಅಲ್ವಾ? ಪಾಪ, ಕೈ ಮುರಿದುಕೊಂಡು ಕೂತವನ ಮೇಲೆ" ಅಂದಳು.

ಮನೆಗೆ ಬಾ ಅಂತ ಕಾಲು ಹಿಡಿದೆ. ಬರಲ್ಲ ಅಂದಳು. ಸಿಟ್ಟಿಲ್ಲ ಅಂದಳು. "ಬಂದ್ರೆ ನಾನು ಕರೆಯೋಕೆ ಕೂತಾಗೆಲ್ಲ ನೀನು ನೋಡಬಾರದು ಅಂದ್ಕೊಂಡ್ರೂ ನನ್ನ ಕೈ ನೋಡ್ತೀಯ. ನೋಡ್ತಿದ್ದೀಯೇನೋ ಅಂತ ನಾನು ನಿನ್ನ ಮುಖ ನೋಡ್ತೀನಿ. ಬೇಡ ಬಿಡು" ಅಂದಳು.

ಅವಳ ಕಿಟಕಿಗೆ ಗಾಜಿಲ್ಲ. ಗಾಳಿ ಬರಬಾರದು ಅಂತ ನಿನ್ನ ಖಾಲಿ ಚೀಲವೊಂದನ್ನ ಕಟ್ಟಿದ್ದಾಳೆ, ಚಿತ್ರ ಹೊರಗಡೆಗೆ ಬರೋ ಹಾಗೆ. ಒಳಗಿಂದ ನೋಡಿದ್ರೆ ಬಿಳೀ ಬಟ್ಟೆ ಅಷ್ಟೇ.

ಹೊರಡೋವಾಗ ಬಾಗಿಲಿಗೆ ಬಂದು ಕೈ ಹಿಡಿದು ಒಂದೇ ಮಾತು ಕೇಳಿಕೊಂಡಳು. "ಅವನ ಹಿಂಡಿಯಿಂದ ಹೀಗಾಯ್ತು ಅಂತ ಅವನಿಗೆ ಹೇಳಬೇಡ. ಗೊತ್ತಾದ್ರೆ ಊಟ ಬಿಡ್ತಾನೆ. ಚಿಕ್ಕಂದಿನಿಂದ ಹಾಗೇ ಅವನು." ಹೇಳಲ್ಲ ಅಂತ ಮಾತು ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನಗು ಬರ್ತಿತ್ತು, ಅಳುವೂ ಬರ್ತಿತ್ತು. ಊಟ ಬಿಟ್ಟಿದ್ದೀಯೇನೋ ತಮ್ಮ? ಏಪ್ರಿಲ್‌ನಿಂದ ಒಂದು ಹೊತ್ತಾದ್ರೂ?

ನಿನಗೆ ಮೊದಲೇ ಗೊತ್ತಿತ್ತು ಅಂತ ಅವಳಿಗೆ ಹೇಳಿಲ್ಲ. ನಿನ್ನ ಮೇಲಿನ ಕನಿಕರಕ್ಕಲ್ಲ. ಹುಡುಗ ತಿಳೀದೆ ಮಾಡಿದ ಅನ್ನೋ ನಂಬಿಕೆ ಒಂದೇ ಅವಳ ಹತ್ತಿರ ಉಳಿದಿರೋದು. ಅದನ್ನೂ ಕಿತ್ಕೊಂಡು ಬರೋಕೆ ನನ್ನ ಕೈಲಾಗಲಿಲ್ಲ.

ರಜೆ ಸಿಕ್ಕಿದ್ರೂ ಅಲ್ಲಿಗೆ ಹೋಗಬೇಡ. ನೀನು ಬಾಯಿ ಬಿಡೋದೇ ಬೇಡ, ಬಾಗಿಲಲ್ಲಿ ನಿಂತ್ರೆ ಸಾಕು. ನಿನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತೆ.

ಅಕ್ಕ